ಲೂರ್ ಬಿದ್ದ ಸದ್ದಿಗೆ ಮೀನು ಬರುತ್ತದಾ, ಓಡುತ್ತದಾ? ದೋಷ ಹುಡುಕುವ ಕ್ರಮ

ಲೂರ್ ಅಂದರೆ ದಾರದ ತುದಿಗೆ ಕಟ್ಟಿ ಒಗೆಯುವ ನಕಲಿ ಎರೆ. ಅದರಿಂದ ಮೀನು ಹಿಡಿಯುವವರ ತಕರಾರು ಯಾವಾಗಲೂ ಒಂದೇ ಥರ ಇರುತ್ತದೆ. "ಜಾಗ ಚಲೋ ಇತ್ತು. ಮೀನೂ ಇದ್ದವು. ಲೂರ್ ಒಗೆದೆ, ದುಬುಕ್ ಅಂತ ಬಿತ್ತು. ಆಮೇಲೆ ಏನೂ ಇಲ್ಲ." ಕಲಬುರಗಿಯಲ್ಲಿ ಗಾಳದ ಹುಚ್ಚಿರುವ ನಾಲ್ಕು ಜನ ಚಹಾ ಅಂಗಡಿ ಮುಂದೆ ಕೂತರೆ ಈ ಮಾತಿಗೆ ಎರಡು ಪಾರ್ಟಿ ಆಗುತ್ತವೆ. ಸದ್ದಾದರೆ ಮೀನು ಓಡುತ್ತದೆ, ಹೂವಿನ ಹಾಗೆ ಇಳಿಸಬೇಕು ಅನ್ನುವುದು ಒಂದು ಪಾರ್ಟಿ. ಸದ್ದಾದರೇನೇ ಮೀನಿಗೆ ಗೊತ್ತಾಗೋದು, ಜೋರಾಗಿ ಬೀಳಿಸಬೇಕು ಅನ್ನುವುದು ಇನ್ನೊಂದು. ಇಬ್ಬರ ಮೊಬೈಲಿನಲ್ಲೂ ಸಾಕ್ಷಿಗೆ ಫೋಟೋ ಇರುತ್ತದೆ.

ನಾನು ಎರಡೂ ಪಾರ್ಟಿಯಲ್ಲಿ ಇದ್ದು ಬಂದವನು. ಮೊದಲ ವರ್ಷ ಆಳಂದ ಕಡೆಯ ಒಂದು ಹಳ್ಳಿ ಕೆರೆಯಿಂದ ಚಳಿಗಾಲ ಪೂರ್ತಿ ಖಾಲಿ ಕೈಯಲ್ಲಿ ವಾಪಸ್ ಬಂದೆ. ತಪ್ಪೆಲ್ಲ ಸದ್ದಿನದೇ ಅಂದುಕೊಂಡು ಹಗುರ ಲೂರ್ ಕೊಂಡೆ, ತೆಳ್ಳನೆ ದಾರ ಸುತ್ತಿದೆ, ಒಂದಿಷ್ಟು ದುಡ್ಡು ಸುಮ್ನೆ ಹೋಯಿತು. ಈಗ ಯಾರಾದರೂ ಈ ತಕರಾರು ತಂದರೆ ಎಷ್ಟು ಸದ್ದಾಯಿತು ಅಂತ ಕೇಳುವುದೇ ಇಲ್ಲ. ಮೀನಿನಿಂದ ಎಷ್ಟು ದೂರ ಬಿತ್ತು, ನೀರು ಎಂಥದ್ದು, ಬಿದ್ದ ಮೇಲೆ ನೀನು ಏನು ಮಾಡಿದೆ, ಇಷ್ಟೇ ಕೇಳುತ್ತೇನೆ.

ಇಲ್ಲಿ ಬರೆದಿರುವುದು ಹೆಚ್ಚಾಗಿ ಮರಲ್ ಮೀನಿಗೆ. ಕೊರವ ಅಂದರೂ ಅದೇ. ತೆಲುಗು ಮಾತಾಡುವವರು ಕೊರಮೀನು ಅನ್ನುತ್ತಾರೆ. ನಮ್ಮ ಕೆರೆಗಳಲ್ಲಿ ಕಪ್ಪೆ ಲೂರಿಗೆ ಎಗರಿ ಬಾಯಿ ಹಾಕುವುದು ಅದೇ. ನದಿಯ ಬಾಳೆ ಮೀನಿಗೂ ಇದರಲ್ಲಿ ಸುಮಾರು ಹೊಂದುತ್ತದೆ.

ಮೊದಲು ಸದ್ದನ್ನು ಬಿಟ್ಟು ಉಳಿದದ್ದನ್ನು ನೋಡಿ

ಅಲ್ಲಿರುವುದು ಲೂರ್ ತಿನ್ನುವ ಮೀನೇನಾ? ಗುತ್ತಿಗೆಗೆ ಹೋದ ಕೆರೆಗಳಲ್ಲಿ ಮರಿ ಬಿಡುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್. ಕಾಟ್ಲಾ ಮೇಲಿನ ನೀರಿನಲ್ಲೇ ಬಾಯಿ ತೆರೆದು ಓಡಾಡುತ್ತಾ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಬೆಳಗ್ಗೆ ನೀರ ಮೇಲೆ ಉಂಗುರ ಎದ್ದದ್ದು ನೋಡಿ ನಾವು ನೇರ ಅಲ್ಲಿಗೇ ಒಗೆಯುತ್ತೇವೆ. ಅವು ಚೆಲ್ಲಾಪಿಲ್ಲಿ ಆಗುತ್ತವೆ. "ನೋಡು, ಸದ್ದಿಗೆ ಓಡಿದವು" ಅಂತ ನಾವು ಷರಾ ಬರೆಯುತ್ತೇವೆ. ಓಡಿದ್ದು ನಿಜ. ಆದರೆ ಓಡದೇ ಇದ್ದಿದ್ದರೂ ಅವು ನಿಮ್ಮ ಲೂರ್ ಮುಟ್ಟುತ್ತಿರಲಿಲ್ಲ. ನನ್ನ ಮೊದಲ ಚಳಿಗಾಲದ ಅರ್ಧ ಹೋಗಿದ್ದು ಈ ಲೆಕ್ಕದಲ್ಲೇ.

ಮರಲ್ ಇದ್ದರೆ ಗುರುತು ಬೇರೆ. ಅದಕ್ಕೆ ಕಿವಿರಿನ ಉಸಿರು ಸಾಲುವುದಿಲ್ಲ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗಲೇಬೇಕು. ಜೊಂಡಿನ ಅಂಚಿನಲ್ಲಿ, ಅಂತರಗಂಗೆಯ ಸಂದಿಯಲ್ಲಿ ಒಂದೇ ಒಂದು ಸಲ 'ಗುಳುಕ್' ಅನ್ನುತ್ತದೆ. ಹಿಂದೆಯೇ ನಾಲ್ಕೈದು ಗುಳ್ಳೆ. ಮತ್ತೆ ಸ್ವಲ್ಪ ಹೊತ್ತಿಗೆ ಅಲ್ಲೇ ಆಸುಪಾಸು ಇನ್ನೊಂದು 'ಗುಳುಕ್'. ಇದು ಕೇಳಿಸದ ಜಾಗದಲ್ಲಿ ಸದ್ದಿನ ಪರೀಕ್ಷೆ ಮಾಡುವುದರಲ್ಲಿ ಅರ್ಥವಿಲ್ಲ.

ಮುಂದಿನದು ನೀವು ನಿಂತ ಜಾಗ. ಇದನ್ನು ಯಾರೂ ನಂಬುವುದಿಲ್ಲ, ಅದಕ್ಕೇ ಸ್ವಲ್ಪ ಲೆಕ್ಕ ಹಾಕೋಣ. ನೀರಿನ ಮಟ್ಟದಿಂದ ಸುಮಾರು 10 ಡಿಗ್ರಿ ಕೋನದ ಕೆಳಗಿರುವುದು ಮೀನಿಗೆ ಸರಿಯಾಗಿ ಕಾಣುವುದಿಲ್ಲ. ಅಷ್ಟು ಓರೆಯಾಗಿ ಬಂದ ಬೆಳಕು ನೀರಿನೊಳಗೆ ಇಳಿಯುವುದೇ ಕಡಿಮೆ. ಕೆರೆಯ ಒಡ್ಡು ನೀರಿಗಿಂತ 2 ಮೀಟರ್ ಎತ್ತರ, ಅದರ ಮೇಲೆ ನೀವು ನೆಟ್ಟಗೆ ನಿಂತಿದ್ದೀರಿ ಅಂದುಕೊಳ್ಳಿ. ನಿಮ್ಮ ತಲೆ ನೀರಿಗಿಂತ ಮೂರೂವರೆ ಮೀಟರ್ ಮೇಲಿದೆ. ಮೀನಿನ ಕಣ್ಣು ತಪ್ಪಿಸಬೇಕಾದರೆ ಅದು ನಿಮ್ಮಿಂದ 20 ಮೀಟರ್ ಆಚೆ ಇರಬೇಕು. ಅದೇ ನೀರಂಚಿಗೆ ಇಳಿದು ಕುಕ್ಕರಗಾಲಲ್ಲಿ ಕೂತರೆ ತಲೆ ಒಂದು ಮೀಟರ್ ಎತ್ತರಕ್ಕೂ ಬರುವುದಿಲ್ಲ. ಐದಾರು ಮೀಟರ್ ಸಾಕು. ಮೀನು ನಿಮ್ಮನ್ನು ನೋಡಿ ಮೊದಲೇ ಹೊರಟಿರುತ್ತದೆ, ಆಮೇಲೆ ಲೂರ್ ಬೀಳುತ್ತದೆ, ಕೆಟ್ಟ ಹೆಸರು ಸದ್ದಿಗೆ.

ನೆರಳೂ ಹಾಗೆಯೇ. ಬೆಳಗ್ಗೆ ಸೂರ್ಯ ಬೆನ್ನಿಗಿದ್ದರೆ ನಿಮ್ಮ ನೆರಳು ಉದ್ದಕ್ಕೆ ನೀರಿನ ಮೇಲೆ ಮಲಗಿರುತ್ತದೆ. ಸೂರ್ಯನಿಗೆ ಮುಖ ಮಾಡಿ ನಿಂತರೆ ಕಣ್ಣು ಕುಕ್ಕುತ್ತದೆ, ಆದರೆ ನೆರಳು ಹಿಂದೆ ಬೀಳುತ್ತದೆ. ಟೊಪ್ಪಿಗೆ ಹಾಕಿಕೊಳ್ಳಿ.

ಇನ್ನು ಕಾಲಿನ ಸದ್ದು. ದಂಡೆಯ ಮೇಲೆ ಮಾತಾಡಿದರೆ ಮೀನು ಓಡುತ್ತದೆ ಅಂತ ಹಿರಿಯರು ಬೈಯುತ್ತಾರಲ್ವಾ? ಗಾಳಿಯಲ್ಲಿ ಹುಟ್ಟಿದ ಸದ್ದು ನೀರಿನ ಮೈಗೆ ಬಡಿದು ಹೆಚ್ಚುಕಮ್ಮಿ ಎಲ್ಲವೂ ವಾಪಸ್ ಹೋಗುತ್ತದೆ. ಆದ್ದರಿಂದ ಮೆಲ್ಲಗೆ ಮಾತಾಡಿದರೆ ನಡೆಯುತ್ತದೆ. ಆದರೆ ಕಾಲಿನ ಏಟು ನೆಲದ ಮೂಲಕ ನೇರ ನೀರಿಗೆ ಇಳಿಯುತ್ತದೆ. ನಮ್ಮ ಕಡೆ ಒಡ್ಡಿಗೂ ಘಾಟಿಗೂ ಶಹಾಬಾದ್ ಫರಸಿ ಕಲ್ಲು ಹಾಸಿರುತ್ತಾರೆ. ಸಡಿಲಾದ ಒಂದು ಫರಸಿ ಕಟಕ್ ಅಂದರೆ ಹತ್ತು ಮಾತಿಗಿಂತ ಜಾಸ್ತಿ ಕೆಲಸ ಕೆಡುತ್ತದೆ.

ಇಷ್ಟು ಸರಿ ಮಾಡಿಕೊಂಡ ಮೇಲೂ ತಕರಾರು ಉಳಿದರೆ, ಆಗ ಸದ್ದಿನ ವಿಚಾರಣೆ.

ಮೀನು ಸದ್ದನ್ನು ಎರಡು ಕಡೆಯಿಂದ ಕೇಳುತ್ತದೆ

ಮೀನಿಗೆ ಹೊರಗೆ ಕಾಣುವ ಕಿವಿ ಇಲ್ಲ. ತಲೆಯೊಳಗೆ ಇದೆ. ಅದರಲ್ಲಿ ಸುಣ್ಣದ ಸಣ್ಣ ಹರಳುಗಳಿವೆ, ಸದ್ದಿಗೆ ಅಲುಗುವುದು ಅವು. ಇದಲ್ಲದೆ ಮೈಯ ಎರಡೂ ಪಕ್ಕಕ್ಕೆ ಕಿವಿರಿನಿಂದ ಬಾಲದ ತನಕ ಒಂದು ಗೆರೆ ಹೋಗುತ್ತದೆ. ಮೀನು ಹೆಚ್ಚುವಾಗ ನೀವೂ ನೋಡಿರುತ್ತೀರಿ. ಪುಸ್ತಕದಲ್ಲಿ ಪಾರ್ಶ್ವರೇಖೆ ಅನ್ನುತ್ತಾರೆ. ನೀರು ಎತ್ತ ತಳ್ಳಿತು, ಎಷ್ಟು ತಳ್ಳಿತು ಅಂತ ಹೇಳುವುದು ಈ ಗೆರೆ.

ಕಿವಿ ದೂರದ್ದನ್ನೂ ಕೇಳುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ 340ರ ಆಸುಪಾಸು. ಆದರೆ ಮೈಮೇಲಿನ ಗೆರೆಗೆ ತಿಳಿಯುವುದು ತೀರಾ ಹತ್ತಿರದ್ದು ಮಾತ್ರ, ಮೀನಿನ ಒಂದೆರಡು ಮೈಯುದ್ದದಷ್ಟು. ಇಡೀ ಗೊಂದಲ ಇಲ್ಲೇ ಬಿಡಿಸಿಕೊಳ್ಳುತ್ತದೆ ಅಂತ ನನ್ನ ಅಭಿಪ್ರಾಯ.

ಅದೇ ಕಪ್ಪೆ ಲೂರ್, ಅದೇ 12 ಗ್ರಾಂ. ಮೀನಿನಿಂದ ಎರಡು ಮೀಟರ್ ಆಚೆ ಬಿದ್ದರೆ ಕಿವಿಗೆ ಒಂದು ಸುದ್ದಿ ಮುಟ್ಟುತ್ತದೆ: ಅಲ್ಲಿ ಏನೋ ಬಿತ್ತು. ಮರಲ್ ತಿರುಗುತ್ತದೆ, ನೋಡುತ್ತದೆ, ಹೋಗುತ್ತದೆ. ತಲೆಯ ಮೇಲೇ ಬಿದ್ದರೆ ಕಿವಿಗೆ ಹೊಡೆತ, ಗೆರೆಗೆ ತಳ್ಳು, ಕಣ್ಣಿಗೆ ನೆರಳು, ಮೂರೂ ಒಟ್ಟಿಗೆ ಬರುತ್ತವೆ. ಮೀನಿನ ಮಿದುಳಿನ ಹಿಂಭಾಗದಲ್ಲಿ ಮೌತ್ನರ್ ಕೋಶ ಅಂತ ಒಂದು ಜೋಡಿ ದೊಡ್ಡ ನರಕೋಶ ಇದೆ. ಇಂಥ ದಿಢೀರ್ ಏಟಿಗೆ ಅದು ಕ್ಷಣದಲ್ಲೇ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಚಿಮ್ಮಿಸುತ್ತದೆ. ಅದರಲ್ಲಿ ಯೋಚನೆ ಇಲ್ಲ. ಕಣ್ಣಿಗೆ ಧೂಳು ಬಂದರೆ ನಮ್ಮ ರೆಪ್ಪೆ ಮುಚ್ಚುವ ಹಾಗೆ. ಆ ಕ್ಷಣಕ್ಕೆ ಮೀನು ಹಸಿದಿದೆಯಾ ಇಲ್ಲವಾ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಇದನ್ನೇ ಒಬ್ಬ ಕಾಕಾ ನನಗೆ ಒಂದು ಮಾತಿನಲ್ಲಿ ಹೇಳಿದ್ದರು. ಅದೇ ಆಳಂದ ಕಡೆಯ ಕೆರೆಯಲ್ಲಿ ಬೀಸುಬಲೆ ಹಾಕುವವರು. ನಾನು ಗುಳ್ಳೆ ಎದ್ದ ಜಾಗಕ್ಕೇ ಗುರಿ ಇಟ್ಟು ಒಗೆಯುವುದನ್ನು ಮೂರು ದಿನ ನೋಡಿದರು. ನಾಲ್ಕನೇ ದಿನ ಅವರಿಗೆ ತಡೆಯಲಾಗಲಿಲ್ಲ. "ಏ ತಮ್ಮಾ, ಕಪ್ಪಿ ಹೆಂಗ ಜಿಗಿತದ ನೋಡೀಯೇನ್? ಮೀನಿನ ತಲಿ ಮ್ಯಾಲ ಯಾವ ಕಪ್ಪೀನೂ ಜಿಗಿಯಂಗಿಲ್ಲ." ನನ್ನ ಗುರಿ ಅಷ್ಟು ಚೆನ್ನಾಗಿದ್ದದ್ದೇ ದೋಷ.

ಇನ್ನೊಂದು ವಿಷಯ. ಮೇಲಿಂದ ಬೀಳುವುದು ಮೀನಿಗೆ ಊಟವೂ ಹೌದು, ಯಮನೂ ಹೌದು. ಕಪ್ಪೆ, ಮಿಡತೆ ಬಿದ್ದರೆ ಊಟ. ಮಿಂಚುಳ್ಳಿ ಬಿದ್ದರೆ ಕಥೆ ಮುಗಿಯಿತು. ಸುರಪುರದ ಹತ್ತಿರ ಬೋನಾಳ ಕೆರೆಯ ಪಕ್ಷಿಧಾಮಕ್ಕೆ ಹೋದರೆ ಒಂದು ಗಂಟೆ ಸುಮ್ನೆ ಕೂತು ಈ ಸದ್ದುಗಳನ್ನು ಕೇಳಿ. ಅಲ್ಲಿಗೆ ನಾನು ಗಾಳದ ರಾಡ್ ಒಯ್ಯುವುದಿಲ್ಲ, ದುರ್ಬೀನು ಒಯ್ಯುತ್ತೇನೆ. ಮಿಂಚುಳ್ಳಿ ಮೇಲಿಂದ ನೆಟ್ಟಗೆ ಬೀಳುತ್ತದೆ, ಸದ್ದು 'ಚಪ್' ಅಂತ ಒಣಗಿದ ಹಾಗೆ. ಕಪ್ಪೆ ಓರೆಯಾಗಿ ಜಾರುತ್ತದೆ, ಸದ್ದು 'ಬುಳುಕ್' ಅಂತ ದುಂಡಗೆ. ನಿಮ್ಮ ಲೂರ್ ಯಾವ ಸದ್ದು ಮಾಡುತ್ತದೆ ಅಂತ ಕಣ್ಣು ಮುಚ್ಚಿ ಒಂದು ಸಲ ಕೇಳಿಕೊಳ್ಳಿ. ಎರಡು ಕಿಲೋ ಮರಲ್ ಮಿಂಚುಳ್ಳಿಗೆ ಹೆದರಬೇಕಾಗಿಲ್ಲ. ಸಣ್ಣದ್ದು ಹೆದರುತ್ತದೆ. ಸಣ್ಣ ಮೀನಿರುವ ಕೆರೆಯಲ್ಲಿ ಸದ್ದು ಜಾಸ್ತಿ ಕೆಡಿಸುವುದು ಅದಕ್ಕೇ ಇರಬೇಕು.

ಬಿದ್ದ ಮೇಲೆ ನೀರು ಏನು ಹೇಳುತ್ತದೆ

ಎಸೆದ ಕೂಡಲೇ ಎಲ್ಲರ ಕಣ್ಣೂ ದಾರ ಸುತ್ತುವ ರೀಲಿನ ಮೇಲಿರುತ್ತದೆ. ಮೊದಲ ಐದು ಸೆಕೆಂಡ್ ನೀರಿನ ಮೇಲಿರಲಿ.

ಬಾಣದ ಮೊನೆಯಂಥ ಗೆರೆ ಲೂರಿನಿಂದ ಆಚೆಗೆ ಹೊರಟರೆ ಮೀನು ಬೆಚ್ಚಿ ಓಡಿದೆ, ದೋಷ ಸದ್ದಿನದೇ. ಅದೇ ಗೆರೆ ಒಂದೆರಡು ಮಾರು ಹೋಗಿ ನಿಂತರೆ ಬೆಚ್ಚಿದೆ ಅಷ್ಟೇ, ಓಡಿಲ್ಲ. ಇವೆರಡರ ನಡುವಿನ ವ್ಯತ್ಯಾಸ ತಿಳಿಯದೆ ನಾನು ಕಳೆದುಕೊಂಡ ಮೀನು ಎಷ್ಟೋ. ಬೆಚ್ಚಿ ನಿಂತದ್ದು ಬಹಳ ಸಲ ತಿರುಗಿ ನೋಡುತ್ತದೆ. ನೀವು ಲೂರನ್ನು ಅಲುಗಿಸದೆ ಬಿಟ್ಟಿರಬೇಕು.

ಗೆರೆ ಲೂರಿನ ಕಡೆಗೇ ಬರುತ್ತಿದ್ದರೆ ಹೇಳುವುದೇನಿದೆ. ಉಸಿರು ಬಿಗಿ ಹಿಡಿದು ಕೂತಿರಿ.

ತಳದಿಂದ ಕೆಸರಿನ ಮೋಡ ಎದ್ದರೆ ತಳದಲ್ಲಿದ್ದದ್ದು ಜಾಗ ಬಿಟ್ಟಿದೆ. ಆ ಜಾಗಕ್ಕೆ ಕಾಲು ಗಂಟೆ ರಜೆ ಕೊಡಿ. ಸಣ್ಣ ಮೀನುಗಳು ಚದುರಿ ಮತ್ತೆ ಅಲ್ಲೇ ಸೇರಿದರೆ ಚಿಂತೆ ಇಲ್ಲ. ಅವೇ ಒಂದೇ ದಿಕ್ಕಿಗೆ ನೀರು ಬಿಟ್ಟು ಹಾರಿದರೆ ಕೆಳಗೆ ದೊಡ್ಡದೊಂದು ಎದ್ದಿದೆ, ಅದು ನಿಮ್ಮ ಸದ್ದಿಗೇ ಎದ್ದಿರಲೂಬಹುದು.

ಬಿದ್ದ ಕ್ಷಣಕ್ಕೇ 'ಫಟ್' ಅಂತ ಹೊಡೆತ ಬಿದ್ದರೆ ಆ ದಿನ ಆ ಜಾಗದಲ್ಲಿ ಸದ್ದು ನಿಮ್ಮ ಕೆಲಸ ಮಾಡುತ್ತಿದೆ. ಹೊಡೆದೂ ಗಾಳಕ್ಕೆ ಸಿಗದಿದ್ದರೆ ಅದು ಸದ್ದಿನ ದೋಷ ಅಲ್ಲವೇ ಅಲ್ಲ. ಹುಕ್ ಮೊಂಡಾಗಿರಬೇಕು, ಇಲ್ಲವೇ ನೀವು ಅವಸರಕ್ಕೆ ಎಳೆದಿರಬೇಕು. ಆ ಕಥೆಯೇ ಬೇರೆ.

ಒಂದು ಸುಳ್ಳು ಫಲಿತಾಂಶದ ಬಗ್ಗೆ ಎಚ್ಚರ. ಮಳೆಗಾಲದಲ್ಲಿ ಮರಲ್ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿಯುವ ಹಾಗೆ ಕಾಣುತ್ತದೆ. ಕೆಳಗೆ ತಂದೆತಾಯಿ ಕಾವಲು ಇರುತ್ತವೆ. ಅಲ್ಲಿ ಏನು ಬಿದ್ದರೂ ಹೊಡೆಯುತ್ತವೆ, ಹಸಿವಿಗೆ ಅಲ್ಲ, ಮರಿ ಕಾಯಲಿಕ್ಕೆ. ಅದನ್ನು ನೋಡಿ "ಜೋರು ಸದ್ದಿಗೆ ಮೀನು ಬರುತ್ತದೆ" ಅಂತ ತೀರ್ಮಾನಿಸಬೇಡಿ. ಆ ಗುಂಪಿನ ಮೇಲೆ ಒಗೆಯಲೂ ಬೇಡಿ. ಕಾವಲು ಹೋದರೆ ಆ ಮರಿಗಳು ಉಳಿದ ಮೀನಿಗೆ ಉಪ್ಪಿಟ್ಟು.

ಹತ್ತು ಮೆತ್ತಗೆ, ಹತ್ತು ಜೋರು

ಅನುಮಾನ ಉಳಿದರೆ ಪರೀಕ್ಷೆ ಮಾಡಿ. ಜೊಂಡಿನ ಅಂಚು ಒಂದು ಐವತ್ತು ಮೀಟರ್ ಇರುವ ಜಾಗ ಹುಡುಕಿ. ಹೋಗುವ ಮುಂಚೆ ಅದು ಯಾರ ಗುತ್ತಿಗೆ ಅಂತ ಕೇಳಿ ಒಪ್ಪಿಗೆ ತಗೊಳ್ಳಿ. ಚಿಂಚೋಳಿ ಕಡೆಯವರು ಚಂದ್ರಂಪಳ್ಳಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅದು ವನ್ಯಜೀವಿ ಧಾಮದೊಳಗಿದೆ.

ಲೂರ್ ಒಂದೇ, ದಾರ ಒಂದೇ, ಎಳೆಯುವ ವೇಗ ಒಂದೇ. ಬದಲಾಗುವುದು ಬೀಳುವ ರೀತಿ ಮಾತ್ರ. ಒಂದು ಮೆತ್ತಗೆ, ನಾಲ್ಕು ಹೆಜ್ಜೆ ಸರಿದು ಒಂದು ಜೋರು, ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಮೆತ್ತಗೆ. ಮೊದಲು ಹತ್ತೂ ಮೆತ್ತಗೆ ಎಸೆದು ಆಮೇಲೆ ಹತ್ತೂ ಜೋರಾಗಿ ಎಸೆದರೆ ಪರೀಕ್ಷೆ ಕೆಟ್ಟಿತು. ಅಷ್ಟು ಹೊತ್ತಿಗೆ ಬಿಸಿಲು ಏರಿರುತ್ತದೆ, ಮೀನು ಕೆಳಗಿಳಿದಿರುತ್ತದೆ.

ಬರೆದುಕೊಳ್ಳಬೇಕಾದ್ದು ಒಂದೇ: ಹೊಡೆತ ಯಾವಾಗ ಬಿತ್ತು? ಬಿದ್ದ ಕೂಡಲೇನಾ, ಸುಮ್ನೆ ಬಿಟ್ಟಿದ್ದಾಗಲಾ, ಎಳೆಯುವಾಗಲಾ, ಇಲ್ಲ ಕಾಲ ಬುಡಕ್ಕೆ ಬಂದಾಗಲಾ? ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ದಿನದ ಹೊಡೆತ ಎರಡೇ. ಎರಡೂ ಕಾಲ ಬುಡದಲ್ಲಿ. ಆಗ ತಲೆಗೆ ಬೆಳಕು ಹೋಯಿತು. ಮೀನು ದಂಡೆಯ ಹತ್ತಿರವೇ ಇದೆ, ನಾನು ಅದರ ತಲೆಯ ಮೇಲಿಂದ ಮೂವತ್ತು ಮೀಟರ್ ಆಚೆಗೆ ಶೌರ್ಯ ತೋರಿಸುತ್ತಿದ್ದೇನೆ! ಅಲ್ಲಿ ಸದ್ದು ಮಾಡಿದರೇನು, ಬಿಟ್ಟರೇನು. ಅಂದಿನಿಂದ ಮೊದಲ ಎಸೆತ ಯಾವಾಗಲೂ ದಂಡೆಯ ಪಕ್ಕಕ್ಕೆ, ದೂರದ್ದು ಆಮೇಲೆ.

ಒಂದು ಬೆಳಗ್ಗೆಯ ಲೆಕ್ಕದ ಮೇಲೆ ತೀರ್ಪು ಬೇಡ. ನಾಲ್ಕೈದು ಸಲ ಹೋಗಿ ಬಂದ ಮೇಲೆ ಹಾಳೆ ತಾನೇ ಒಂದು ಕಡೆ ವಾಲುತ್ತದೆ.

ಸದ್ದು ಜಾಸ್ತಿ ಆಗಿದೆ ಅಂತ ಗೊತ್ತಾದರೆ

ಮೊದಲು ಎಸೆತದ ಎತ್ತರ ಇಳಿಸಿ. ಲೂರ್ ಆಕಾಶ ನೋಡಿ ಬಂದಷ್ಟೂ ನೆಟ್ಟಗೆ ಬೀಳುತ್ತದೆ. ಆರು ಮೀಟರ್ ಎತ್ತರದಿಂದ ಬಿದ್ದದ್ದರ ಏಟು, ಎರಡು ಮೀಟರ್‌ನಿಂದ ಬಿದ್ದದ್ದಕ್ಕಿಂತ ಹೆಚ್ಚುಕಮ್ಮಿ ಮೂರು ಪಟ್ಟು. ರಾಡನ್ನು ಪಕ್ಕದಿಂದ ಬೀಸಿ, ಲೂರ್ ನೀರಿಗೆ ಸಮನಾಗಿ ಹೋಗಲಿ. ಕೆಳಗಿಂದ ಹೋದ ಲೂರ್ ನೀರನ್ನು ಸವರಿ ಇಳಿಯುತ್ತದೆ, ಕಪ್ಪೆಯ ಹಾಗೆ. ಒಡ್ಡಿನ ಮೇಲೆ ಜಾಲಿ ಇದ್ದರೆ ಪಕ್ಕದ ಬೀಸು ಆಗುವುದಿಲ್ಲ, ಅಲ್ಲಿ ಕೆಳಗಿನಿಂದ ತೂಗಿ ಬಿಡಬೇಕು. ಜಾಲಿ ಗಿಡದಲ್ಲಿ ನನ್ನ ಆರು ಲೂರ್ ಇನ್ನೂ ನೇತಾಡುತ್ತಿರಬೇಕು.

ಎರಡನೆಯದು ಬೆರಳಿನ ಬ್ರೇಕ್. ಇದೊಂದು ಬಂದರೆ ಉಳಿದದ್ದು ಅರ್ಧ ಬಂದ ಹಾಗೆ. ಸ್ಪಿನ್ನಿಂಗ್ ರೀಲ್ ಆದರೆ ದಾರ ಹೊರಗೆ ಓಡುತ್ತಿರುವಾಗ ತೋರುಬೆರಳನ್ನು ಸ್ಪೂಲಿನ (ದಾರ ಸುತ್ತಿರುವ ಉರುಳೆಯ) ಅಂಚಿಗೆ ಮೆಲ್ಲಗೆ ತಾಗಿಸಿ. ಲೂರ್ ನೀರಿಗೆ ಇನ್ನೇನು ಒಂದು ಮೀಟರ್ ಇದೆ ಅನ್ನುವಾಗ ಒತ್ತಿ, ಅದೇ ಹೊತ್ತಿಗೆ ರಾಡಿನ ತುದಿಯನ್ನು ಒಂದು ಗೇಣು ಮೇಲೆತ್ತಿ. ಲೂರ್ ಗಾಳಿಯಲ್ಲೇ ತಡೆದು 'ಪ್ಳಕ್' ಅಂತ ಕೂರುತ್ತದೆ. ಬೇಟ್‌ಕಾಸ್ಟರ್, ಅಂದರೆ ಸ್ಪೂಲೇ ತಿರುಗುವ ರೀಲ್ ಆದರೆ ಹೆಬ್ಬೆರಳಿನ ಕೆಲಸ. ಬೇಗ ಒತ್ತಿದರೆ ಲೂರ್ ಅರ್ಧಕ್ಕೇ ಬೀಳುತ್ತದೆ, ತಡ ಮಾಡಿದರೆ ದುಬುಕ್. ಮಧ್ಯದ್ದು ಬರಲು ಅಭ್ಯಾಸವೇ ಬೇಕು.

ಅಭ್ಯಾಸಕ್ಕೆ ಕೆರೆಗೆ ಹೋಗಬೇಕಾಗಿಲ್ಲ. ತೊಗರಿ ಕಿತ್ತ ಹೊಲದಲ್ಲಿ ಹಿಟ್ಟು ನಾದುವ ಪರಾತ ಇಟ್ಟು ನೀರು ತುಂಬಿಸಿ, ಹುಕ್ ಕಳಚಿದ ಲೂರನ್ನು ಹದಿನೈದು ಮೀಟರ್ ದೂರದಿಂದ ಒಗೆಯಿರಿ. ಪರಾತದ ತಳಕ್ಕೆ ಟಣ್ ಅಂದರೆ ಜೋರಾಯಿತು, ನೀರಿನ ಸದ್ದು ಮಾತ್ರ ಬಂದರೆ ಸರಿ. ಮನೆಯವರು ಪರಾತ ಕೇಳುವುದರೊಳಗೆ ವಾಪಸ್ ತನ್ನಿ.

ಮೂರನೆಯದು ಕಾಕಾ ಹೇಳಿದ್ದು, ದೂರ. ಗುಳ್ಳೆ ಎದ್ದ ಜಾಗದಿಂದ ಎರಡು ಮೂರು ಮೀಟರ್ ಆಚೆ ಬೀಳಿಸಿ, ಅಲ್ಲಿಂದ ಈಚೆಗೆ ನಡೆಸಿಕೊಂಡು ಬನ್ನಿ. ಆಚೆ ದಂಡೆ ಇದ್ದರೆ ಇನ್ನೂ ಚಲೋ. ಲೂರನ್ನು ಹುಲ್ಲಿನ ಮೇಲೆ ಹಾಕಿ ಮೆಲ್ಲಗೆ ನೀರಿಗೆ ಜಾರಿಸಿ. ತಾವರೆ ಎಲೆ ಇದ್ದರೆ ಎಲೆಯ ಮೇಲೆ ಕೂರಿಸಿ, ಎರಡು ಎಣಿಸಿ, ಇಳಿಸಿ. ನಿಜವಾದ ಕಪ್ಪೆ ಮಾಡುವುದೂ ಅದನ್ನೇ. ಹೀಗೆ ಇಳಿದದ್ದಕ್ಕೆ ಬೆಚ್ಚಿದ ಮರಲ್ ನಾನು ನೋಡಿಲ್ಲ.

ಕೊನೆಯದು ಸುಮ್ನಿರುವುದು. ಬಿದ್ದ ಮೇಲೆ ಉಂಗುರಗಳು ಪೂರ್ತಿ ಅಡಗುವ ತನಕ ರೀಲ್ ಮುಟ್ಟಬೇಡಿ. ನೀರು ಕನ್ನಡಿ ಥರ ನಿಂತಿದ್ದರೆ ಇನ್ನೂ ಹತ್ತು ಎಣಿಸಿ. ನನಗೆ ಇದೇ ಎಲ್ಲಕ್ಕಿಂತ ಕಷ್ಟದ್ದು. ಬೆಚ್ಚಿದ ಮೀನು ತಿರುಗುವುದು ಆ ಹತ್ತರೊಳಗೆ, ನಾವು ಎಳೆಯುವುದು ಮೂರಕ್ಕೇ.

ಲೂರ್ ಬದಲಾಯಿಸುವುದು ಇವೆಲ್ಲ ಆದ ಮೇಲೆ. ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ ಅದೇ ತೂಕದ ಸ್ಪೂನಿಗಿಂತ (ಚಮಚದ ಆಕಾರದ ಲೋಹದ ಲೂರ್) ಮೆತ್ತಗೆ ಕೂರುತ್ತದೆ. ನವೆಂಬರ್ ದಾಟಿ ಕೆರೆಯ ನೀರು ತಿಳಿಯಾದಾಗ ನಾನು ಸ್ಪೂನುಗಳನ್ನು ಡಬ್ಬಿಯಿಂದ ಹೊರಗೇ ತೆಗೆಯುವುದಿಲ್ಲ.

ಉಲ್ಟಾ ದೋಷ: ಸದ್ದು ಸಾಲದೇ ಇರುವುದು

ಹೂವಿನ ಹಾಗೆ ಇಳಿಸುವುದನ್ನು ಕಲಿತ ಮೇಲೆ ನನಗೆ ಈ ದೋಷ ಅಂಟಿತು. ಮುಂಗಾರು ಆದ ಮೇಲೆ ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದ ನೀರು ಹಾಲು ಹಾಕಿದ ಚಹಾದಂತೆ ಇರುತ್ತದೆ. ಎರೆ ನೆಲದ ಕೆರೆಗಳದ್ದೂ ಅದೇ ಕಥೆ, ಬಣ್ಣ ಬೇರೆ. ಅಂಗೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಅಲ್ಲಿ ಲೂರನ್ನು ಸದ್ದಿಲ್ಲದೆ ಇಳಿಸಿದರೆ ಅದು ಬಂದದ್ದು ಮೀನಿಗೆ ಗೊತ್ತಾಗುವುದೇ ಇಲ್ಲ. ಭೀಮಾ ನದಿಯೂ ಹಾಗೆಯೇ. ಮೇಲೆ ಮಹಾರಾಷ್ಟ್ರದ ಉಜನಿಯಿಂದ ನೀರು ಬಿಟ್ಟ ಮೇಲೆ ಅಫಜಲಪುರ, ಜೇವರ್ಗಿ ಕಡೆ ನದಿ ರಾಡಿಯಾಗುತ್ತದೆ. ನೀರು ಏರುವಾಗಂತೂ ನದಿಗೆ ಇಳಿಯಲೇಬೇಡಿ. ಯಾದಗಿರಿಯವರು ಕೃಷ್ಣೆಯಲ್ಲಿ ಮೊಸಳೆ ಇರುವುದನ್ನೂ ಮರೆಯಬೇಡಿ. ಕೂತು ಎಸೆಯಿರಿ ಅಂತ ನಾನು ಹೇಳಿದ್ದು ಕೆರೆಗೆ.

ರಾಡಿ ನೀರಿನಲ್ಲಿ, ಗಾಳಿಗೆ ಅಲೆ ಎದ್ದಾಗ, ಅಂತರಗಂಗೆ ಚಾಪೆ ಹಾಸಿದ ಹಾಗೆ ಮುಚ್ಚಿದ ಜಾಗದಲ್ಲಿ ಜೋರು ಬೇಕು. ಭಾರದ ಲೂರ್ ಹಾಕಿ ಅಥವಾ ಬಾಯಿ ಕುಳಿಯಾದ ಪಾಪರ್ (ಎಳೆದಾಗ ನೀರು ಚಿಮ್ಮಿಸಿ ಸದ್ದು ಮಾಡುವ ಲೂರ್) ಹಾಕಿ. ಒಂದೇ ಜಾಗಕ್ಕೆ ಎರಡು ಸಲ ಎಸೆಯುವುದೂ ಅಲ್ಲಿ ನಡೆಯುತ್ತದೆ. ಮೊದಲನೆಯದಕ್ಕೆ ಮೀನು ತಿರುಗುತ್ತದೆ, ಎರಡನೆಯದಕ್ಕೆ ಹೊಡೆಯುತ್ತದೆ. ತಿಳಿ ನೀರಿನಲ್ಲಿ ಹೀಗೆ ಮಾಡಿದರೆ ಮಾತ್ರ ಜಾಗ ಸತ್ತ ಹಾಗೆ.

ಬಲೆ ಬೀಳುವ ಕೆರೆ

ಒಂದು ಕೆರೆ ನನ್ನ ಎಲ್ಲ ಲೆಕ್ಕವನ್ನೂ ಸುಳ್ಳು ಮಾಡಿತು. ದೂರಕ್ಕೆ ಹಾಕಿದರೂ, ಮೆತ್ತಗೆ ಹಾಕಿದರೂ ಮರಲ್ ಬಾಣದ ಹಾಗೆ ಓಡುತ್ತಿತ್ತು. ಲೂರ್ ಬದಲಿಸಿದೆ, ಹೊತ್ತು ಬದಲಿಸಿದೆ. ಏನೂ ಇಲ್ಲ. ಕೊನೆಗೆ ಬೀಸುಬಲೆ ಕಾಕಾನನ್ನೇ ಕರೆದುಕೊಂಡು ಹೋದೆ. ಅವರು ದಂಡೆಯ ಮೇಲಿನ ಹೆಜ್ಜೆ ಗುರುತು ನೋಡಿ ನಕ್ಕರು. "ಇಲ್ಲಿ ದಿನಾ ಸಂಜಿಗಿ ಬಲಿ ಬೀಳ್ತದ. ಬಲಿ ಸುತ್ತ ಸೀಸದ ಗುಂಡು ಇರ್ತಾವ. ಮೊದಲು ಅವು ಟಪಟಪ ಅಂತಾವ, ಆಮ್ಯಾಲ ಬಲಿ ಮುಚ್ತದ. ನಿನ್ನ ಲೂರ್ ಸಪ್ಪಳಾನೂ ಹಂಗೇ ಅದ. ಓಡಲಾರ್ದೆ ಏನ್ ಮಾಡ್ತಾವ?"

ಅಂಥ ಕೆರೆಯಲ್ಲಿ ಬಲೆ ತಪ್ಪಿಸಿಕೊಂಡು ಉಳಿದ ಮೀನೆಂದರೆ 'ಟಪ್' ಅಂದ ಕೂಡಲೇ ಓಡಲು ಕಲಿತದ್ದು. ಅಲ್ಲಿ ನೀರಿನ ಮೇಲೆ ನೇರವಾಗಿ ಏನನ್ನೂ ಬೀಳಿಸಬಾರದು. ಹುಲ್ಲಿನ ಮೇಲೆ, ಎಲೆಯ ಮೇಲೆ ಹಾಕಿ ಜಾರಿಸಿದ್ದು ಮಾತ್ರ ನಡೆಯಿತು. ಬಲೆ ಬೀಸಲು ಆಗದ ಮುಳ್ಳುಕಂಟಿಯ ಮೂಲೆಗಳಲ್ಲಿ ಮೀನು ಸ್ವಲ್ಪ ಧೈರ್ಯವಾಗಿತ್ತು. ಹೊಸ ಕೆರೆಗೆ ಹೋದರೆ ಈಗ ನಾನು ಮೊದಲು ನೋಡುವುದು ದಂಡೆಯಲ್ಲಿ ಬಲೆ ಒಣಹಾಕಿದ ಗುರುತು ಇದೆಯಾ ಅಂತ.

ಒಂದು ಕೇಸು, ಫೋನಿನಲ್ಲಿ

ಭಾಲ್ಕಿಯ ಗೆಳೆಯನೊಬ್ಬ ಹೋದ ಚಳಿಗಾಲದಲ್ಲಿ ಕಾರಂಜಾ ಹಿನ್ನೀರಿನಿಂದ ಫೋನ್ ಮಾಡಿದ. "ಅಣ್ಣಾ, ಮೂರು ದಿನ ಆಯ್ತು. ಲೂರ್ ಬಿದ್ರ ಸಾಕು, ಓಡ್ತಾವ."

"ನೀರು?"

"ತಿಳಿ ಅದ."

"ಗುಳುಕ್ ಕೇಳಿಸ್ತದಾ?"

"ಕೇಳಿಸ್ತದ. ಎಂಟ್ಹತ್ತು ಮೀಟರ್ ಒಳಗೇ."

"ಎಷ್ಟು ಆಚೆ ಹಾಕ್ತಿ?"

"ನೀ ಹೇಳಿದಂಗೇ. ಮೂರು ಮೀಟರ್ ಆಚೆ, ಬೆರಳಿನ ಬ್ರೇಕ್ ಹಿಡಿದು."

ದೂರ ಸರಿ, ನೀರು ಸರಿ, ಬೀಳುವುದೂ ಸರಿ. ಹಾಗಾದರೆ ಆರೋಪಿ ಸದ್ದಲ್ಲ. ಎಲ್ಲಿ ನಿಂತಿದ್ದೀಯಾ ಅಂತ ಕೇಳಿದೆ. ಒಂದು ದೊಡ್ಡ ಬಂಡೆಯ ಮೇಲೆ, ಮೀನು ಕಾಣಲಿ ಅಂತ ಎದ್ದು ನಿಂತಿದ್ದನಂತೆ. ನಿನಗೆ ಮೀನು ಕಂಡರೆ ಮೀನಿಗೆ ನೀನೂ ಕಾಣ್ತಿ, ಇಳಿದು ಕೂತು ಎಸಿ ಅಂದೆ. ಮರುದಿನ ಬೆಳಗ್ಗೆ ಫೋಟೋ ಬಂತು, ಒಂದೂವರೆ ಕಿಲೋ ಇರಬಹುದು. ಸಂಜೆ ಮತ್ತೆ ಫೋನ್. ಹೊಸ ತಕರಾರು: ಅಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತು ಮೊಣಕಾಲು ಹಿಡಿದುಕೊಂಡಿದೆ, ಅದಕ್ಕೇನಾದರೂ ಲೂರ್ ಇದೆಯಾ ಅಂತ.